ನೀಲಿ ಗೆರೆಯ ಹಾಜರಿ

ಕೊರೊನಾ ಬಂದು ಶಾಲೆ ಮುಚ್ಚಿದ ವರ್ಷದ ನನ್ನ ದಿನಚರಿಯಲ್ಲಿ ಹಾಜರಿಗೆಂದೇ ಹನ್ನೊಂದು ಪುಟಗಳಿವೆ. ಅವುಗಳಲ್ಲಿ ಆರು ಪುಟಗಳ ಮೇಲೆ ಅಡ್ಡಗೆರೆ ಎಳೆದಿದ್ದೇನೆ. ತಪ್ಪಾದದ್ದನ್ನು ಹರಿದು ಹಾಕುವ ಅಭ್ಯಾಸ ನನಗಿಲ್ಲ.

ಆಗ ನಾನು ಕೆಲಸಕ್ಕೆ ಸೇರಿ ಎರಡನೇ ವರ್ಷ. ಸಾತನೂರಿನಲ್ಲಿ ಬಾಡಿಗೆ ಕೋಣೆ. ಅಲ್ಲಿಂದ ಬಸ್ಸಿನಲ್ಲಿ ಹೋಗಿ, ಇಳಿದು ಒಂದಿಷ್ಟು ನಡೆದರೆ ನಮ್ಮ ಶಾಲೆ. ಇಬ್ಬರೇ ಶಿಕ್ಷಕರು, ನಾನು ಮತ್ತು ಮುಖ್ಯ ಶಿಕ್ಷಕರು. ನನ್ನ ಪಾಲಿನ ಎರಡು, ಮೂರನೇ ತರಗತಿಗಳಲ್ಲಿ ಹದಿನಾಲ್ಕು ಮಕ್ಕಳು. ವೀಡಿಯೊ ನೋಡಬಹುದಾದ ಫೋನಿದ್ದದ್ದು ಒಂಬತ್ತು ಮನೆಗಳಲ್ಲಿ. ಉಳಿದ ಐದು ಮಕ್ಕಳಿಗೆ ವಾರಕ್ಕೊಮ್ಮೆ ಕಾಗದದಲ್ಲಿ ಬರೆದುಕೊಟ್ಟು ಬರುತ್ತಿದ್ದೆ.

ಮೊದಲ ಪಾಠವನ್ನು ಚಿತ್ರೀಕರಿಸಲು ಹದಿನಾರು ಸಲ ಬೇಕಾಯಿತು. ರಾಗಿ ಡಬ್ಬಿಗೆ ಒರಗಿಸಿಟ್ಟ ಫೋನು ಮೂರು ಸಲ ಜಾರಿ ಬಿತ್ತು. ನಾಲ್ಕು ಸಲ ನನ್ನ ತಲೆಯೇ ಬೋರ್ಡಿಗೆ ಅಡ್ಡ ಬಂತು. ಒಂದು ಸಲ ಇಡೀ ಪಾಠ ಮುಗಿಸಿದ ಮೇಲೆ ಕೆಂಪು ಗುಂಡಿಯನ್ನು ಒತ್ತೇ ಇಲ್ಲವೆಂದು ತಿಳಿಯಿತು. ಕೊನೆಗೆ ಮುಖ್ಯ ಶಿಕ್ಷಕರು ಫೋನು ಹಿಡಿದು ನಿಂತರು. ಪಾಠದ ನಡುವೆ ಅವರ ಕೆಮ್ಮು ಎರಡು ಸಲ ಕೇಳುತ್ತದೆ. ಹದಿನೆಂಟು ನಿಮಿಷದ ಆ ವೀಡಿಯೊ ಯಾರ ಫೋನಿಗೂ ಇಳಿಯಲಿಲ್ಲ. ಆಮೇಲೆ ನಾಲ್ಕು ನಿಮಿಷಕ್ಕೆ ಮೀರದಂತೆ ಮಾಡಿದೆ. ದಿನಾ ಬೆಳಿಗ್ಗೆ ಹತ್ತಕ್ಕೆ ವಾಟ್ಸಾಪ್ ಗುಂಪಿಗೆ ಒಂದು ಪಾಠ.

ಕಳುಹಿಸಿದ್ದನ್ನು ಯಾರು ತೆರೆದರು, ಎಷ್ಟು ಗಂಟೆಗೆ ತೆರೆದರು ಎಂಬುದು ಫೋನಿನಲ್ಲೇ ಗೊತ್ತಾಗುತ್ತದೆ ಎಂದು ಎರಡನೇ ವಾರ ಕಂಡುಕೊಂಡೆ. ಹೆಸರಿನ ಪಕ್ಕ ನೀಲಿ ಗೆರೆ ಬಿದ್ದಿದ್ದರೆ ತೆರೆದಿದ್ದಾರೆ ಎಂದರ್ಥ. ಅಂದೇ ಗುಂಪಿನಲ್ಲಿ ಹಾಕಿದೆ: ‘ನೀಲಿ ಗೆರೆ ಬಿದ್ದವರಿಗೆ ಮಾತ್ರ ಹಾಜರಿ.’ ಪುಸ್ತಕದಲ್ಲಿ ಕಾಲಂ ಎಳೆದೆ.

ಹಾಜರಿಯಲ್ಲಿ ಎಲ್ಲರಿಗಿಂತ ಮುಂದಿದ್ದವಳು ಮೂರನೇ ತರಗತಿಯ ಒಬ್ಬ ಹುಡುಗಿ. ಶಾಲೆ ಮುಚ್ಚುವ ಹೊತ್ತಿಗೆ ಅವಳು ಕಾಗುಣಿತ ಮುಗಿಸಿದ್ದಳು, ಒತ್ತಕ್ಷರ ಶುರುವಾಗಿರಲಿಲ್ಲ. ಅದನ್ನು ಈ ವರ್ಷ ಕಲಿಯದಿದ್ದರೆ ನಾಲ್ಕನೇ ತರಗತಿಯ ಯಾವ ಪುಸ್ತಕವೂ ಅವಳಿಗೆ ತೆರೆದುಕೊಳ್ಳುತ್ತಿರಲಿಲ್ಲ. ಆದರೆ ಅವಳ ಬಗ್ಗೆ ನನಗೆ ಚಿಂತೆ ಇರಲಿಲ್ಲ. ನಲವತ್ತೊಂದು ಪಾಠ, ನಲವತ್ತೊಂದು ನೀಲಿ ಗೆರೆ. ಹೆಚ್ಚಿನವು ಹತ್ತೂ ಕಾಲರೊಳಗೇ.

“ನಿಮ್ಮ ನೀಲಿ ಲೆಕ್ಕ ಎಲ್ಲಿಗ್ ಬಂತು ಮೇಡಂ?” ಎಂದು ಮುಖ್ಯ ಶಿಕ್ಷಕರು ಆಗಾಗ ಕೇಳುತ್ತಿದ್ದರು. “ನನ್ ಹೆಂಡ್ತಿ ಮೆಸೇಜ್ಗೂ ನೀಲಿ ಗೆರೆ ಬಿದ್ದಿರ್ತದೆ. ನಾನು ಓದಿರ್ತೀನಾ?”

ನಾನು ನಕ್ಕು ಕಾಲಂ ತುಂಬುತ್ತಿದ್ದೆ.

ಮಕ್ಕಳು ಒಂದು ಪುಟ ಓದಿ ಧ್ವನಿ ಕಳುಹಿಸಲಿ ಎಂದು ಕೇಳಿದಾಗ ಎಂಟು ಮನೆಗಳಿಂದ ಬಂತು. ಅವಳದು ಬರಲಿಲ್ಲ. ನನ್ನ ಸಂದೇಶಕ್ಕೆ ನೀಲಿ ಗೆರೆಯಂತೂ ಬಿದ್ದಿತ್ತು. ಮೂರು ದಿನ ಕಾದು, ಗುರುವಾರ ಅವಳ ಮನೆಗೆ ಹೋದೆ.

ಅವರದು ರೇಷ್ಮೆ ಹುಳ ಸಾಕುವ ಮನೆ. ಅಜ್ಜಿ ಬಾಗಿಲಲ್ಲೇ ತಡೆದರು.

“ಅಲ್ಲೇ ನಿಂತ್ಕಳವ್ವ ಮೇಷ್ಟ್ರಮ್ಮ. ಹುಳ ಹಣ್ಣಾಗೋ ಹೊತ್ತು, ಹೊರಗಿನೋರ್ನ ಬುಡಕ್ಕಿಲ್ಲ. ಅದೇನು ಕೈ ಘಂ ಅಂತದೆ?”

“ಸ್ಯಾನಿಟೈಸರ್ ಅಜ್ಜಿ. ಕೊರೊನಾಗೆ.”

“ನಿಂಗೆ ಒಳ್ಳೇದು, ನಮ್ ಹುಳಕ್ಕೆ ವಿಷ. ಒಸಿ ಹಿಂದಕ್ಕೋಗು.”

ಹುಳ ಗೂಡು ಕಟ್ಟುವ ಮುಂಚಿನ ಆ ದಿನಗಳಲ್ಲಿ ಹೊರಗಿನವರನ್ನೂ ಹೊರಗಿನ ವಾಸನೆಯನ್ನೂ ಒಳಗೆ ಬಿಡದಿರುವುದು ಅಲ್ಲಿ ಹಿಂದಿನಿಂದ ಬಂದ ಕಟ್ಟಳೆ. ಹೊಸ್ತಿಲಿನಾಚೆ ಸುಣ್ಣದ ಪುಡಿ ಎಳೆದಿದ್ದರು. ನಾನು ಅಂಗಳದ ಒಗೆಯುವ ಕಲ್ಲಿನ ಮೇಲೆ ಕುಳಿತೆ. ಹುಡುಗಿ ಜಗಲಿಯಲ್ಲಿ ಪುಸ್ತಕ ಹಿಡಿದು ನಿಂತಳು. ಕಾಗುಣಿತದ ಪದಗಳನ್ನು ಸರಾಗವಾಗಿ ಓದಿದಳು. ಒತ್ತಕ್ಷರವಿದ್ದ ಹನ್ನೆರಡು ಪದಗಳಲ್ಲಿ ಎರಡು ಸರಿ. ಆ ಎರಡು ‘ಅಮ್ಮ’, ‘ಅಪ್ಪ’. ಉಳಿದ ಪ್ರತಿ ಪದಕ್ಕೂ ನಿಂತು, ನನ್ನ ಮುಖ ನೋಡಿ, ಮುಂದಿನ ಪದಕ್ಕೆ ಹೋಗುತ್ತಿದ್ದಳು.

“ವೀಡಿಯೊದಲ್ಲಿ ಹೇಳಿಕೊಟ್ಟಿದ್ದೆನಲ್ಲ?”

“ನಾನು ನೋಡಿಲ್ಲ ಮಿಸ್. ಫೋನು ಅಪ್ಪ ಮಾರ್ಕೆಟ್ಗೆ ತಗಂಡೋಯ್ತದೆ.”

ಅವಳ ತಂದೆ ಸುತ್ತಲಿನ ಊರುಗಳ ರೇಷ್ಮೆಗೂಡನ್ನು ಗೂಡ್ಸ್ ಆಟೋದಲ್ಲಿ ತುಂಬಿಕೊಂಡು ರಾಮನಗರದ ಮಾರುಕಟ್ಟೆಗೆ ಒಯ್ಯುವವರು. ಅಲ್ಲಿಂದಲೇ ಅವರಿಗೆ ಫೋನು ಮಾಡಿದೆ. ಹಿಂದೆ ಹರಾಜಿನ ಗದ್ದಲ.

“ಪಾಠ ಎಲ್ಲಾ ನೋಡಿವ್ನಿ ಮಿಸ್! ಒಂದೂ ಬುಟ್ಟಿಲ್ಲ,” ಎಂದರು. “ಹತ್ತು ಗಂಟೆಗೆ ಇಲ್ಲಿ ಸುಮ್ನೆ ಕಾಯ್ತಾ ಕುಂತಿರ್ತೀನಲ್ಲ. ನೀಲಿ ಗೆರೆ ಬೀಳದಿದ್ರೆ ಮಗಿಗೆ ಆಬ್ಸೆಂಟು ಅಂದ್ರಲ್ಲ ನೀವು.”

“ಸಂಜೆ ಅವಳಿಗೆ ತೋರಿಸಲಿಲ್ಲವಾ?”

“ಎಲ್ಲಿ ಇರ್ತದೆ ಮಿಸ್? ಫೋನು ಫುಲ್ಲಾಯ್ತದೆ, ನೋಡಿದ್ ಮ್ಯಾಲೆ ಅಳ್ಸಾಕ್ಬುಡ್ತೀನಿ.” ಆಮೇಲೆ, “ಮೂರ್ನೇ ಕ್ಲಾಸ್ಗೇ ಇಸ್ಕೂಲ್ ಬುಟ್ಟೋನು ನಾನು. ಈಗ ದಾರೀಲಿ ಅಂಗ್ಡಿ ಬೋರ್ಡು ಓದ್ಕಂಡು ಬತ್ತೀನಿ ಕಣ್ಮಿಸ್” ಎಂದರು.

ಪಕ್ಕದಲ್ಲಿ ಯಾರೋ, “ಏನ್ಲಾ, ನಿಂಗೂ ಮಿಸ್ಸು ಹೋಮ್‌ವರ್ಕ್ ಕೊಟ್ಟವ್ರಾ?” ಎಂದದ್ದು ಕೇಳಿಸಿತು.

“ತೆಪ್ಗಿರ್ಲಾ” ಎಂದು ಅವರಿಗೆ ಹೇಳಿ, “ತೆಪ್ಪು ನಂದೇ ಮಿಸ್” ಎಂದು ನನಗೆ ಹೇಳಿದರು.

ಅವರದಲ್ಲ. ನಾನು ಹೇಳಿದ್ದನ್ನು ಅವರು ಮಾಡಿದ್ದರು. ನಲವತ್ತೊಂದು ದಿನ ಶಾಲೆಗೆ ಬಂದವರು ಅಪ್ಪ. ಹಾಜರಿ ಬಿದ್ದದ್ದು ಮಗಳಿಗೆ. ಅಂದು ಕೋಣೆಗೆ ಬಂದು ಆರು ಪುಟಗಳಿಗೆ ಅಡ್ಡಗೆರೆ ಎಳೆದೆ, ಅವಳ ಸಾಲಿಗಷ್ಟೇ ಅಲ್ಲ, ಒಂಬತ್ತು ಸಾಲಿಗೂ. ಉಳಿದ ಎಂಟರಲ್ಲಿ ಯಾರು ನೋಡುತ್ತಿದ್ದರೆಂದು ನನಗೆ ಗೊತ್ತಿರಲಿಲ್ಲ. ಮಾರನೆಯ ದಿನದಿಂದ ಹೊಸ ಕಾಲಂ: ಧ್ವನಿ ಬಂದರೆ ಹಾಜರಿ, ಇಲ್ಲದಿದ್ದರೆ ಇಲ್ಲ.

ಅಳಿಸಿದ್ದ ಪಾಠಗಳಲ್ಲಿ ಒತ್ತಕ್ಷರದ ಹದಿನೈದನ್ನು ದಿನಕ್ಕೊಂದರಂತೆ ಆ ತಂದೆಗೆ ಮತ್ತೆ ಕಳುಹಿಸಿದೆ. ಮಾರುಕಟ್ಟೆಯಲ್ಲಿ ಅವರು ನೋಡುವುದು, ಮಧ್ಯಾಹ್ನ ಮನೆಗೆ ಬಂದು ಹುಳಕ್ಕೆ ಸೊಪ್ಪು ಹಾಕುವ ಹೊತ್ತಿನಲ್ಲಿ ಮಗಳಿಗೆ ಹೇಳಿಕೊಡುವುದು, ಅವಳ ಓದು ನನಗೆ ಕಳುಹಿಸಿದ ಮೇಲೆಯೇ ವೀಡಿಯೊ ಅಳಿಸುವುದು ಎಂದು ಮಾತಾಯಿತು. ಅವರು ಹೇಗೆ ಹೇಳಿಕೊಡುತ್ತಾರೋ ಎಂಬ ಅನುಮಾನ ನನಗಿತ್ತು. ಮೊದಲ ವಾರ ಎರಡೇ ಧ್ವನಿ ಬಂದವು. ಹನ್ನೆರಡಕ್ಕೆ ಮೂರು ಸರಿ, ಆಮೇಲೆ ನಾಲ್ಕು. ಎರಡನೇ ವಾರ ಹುಳವನ್ನು ಗೂಡು ಕಟ್ಟಲು ಚಂದ್ರಿಕೆ ಎಂಬ ಬಿದಿರಿನ ತಟ್ಟಿಗೆ ಬಿಡುವ ಕೆಲಸ, ಒಂದೂ ಇಲ್ಲ. ಗೈರು ಎಂದೇ ಬರೆದೆ. ಮೂರನೇ ವಾರದಿಂದ ದಿನಾ ಬಂದವು.

ಕೊನೆಯ ಪಾಠದ ಧ್ವನಿ ಒಂದು ನಿಮಿಷ ಹತ್ತು ಸೆಕೆಂಡಿನದು. ಇನ್ನೂ ಫೋನಿನಲ್ಲಿದೆ. ಹಿಂದೆ ಮಳೆ ಬಿದ್ದಂತೆ ಒಂದು ಸದ್ದು. ಹೊಸ ಮೇವು ಹಾಕಿದಾಗ ಮುಂದಿನ ಬೆಳೆಯ ಹುಳಗಳು ಸೊಪ್ಪು ತಿನ್ನುವ ಸದ್ದು ಅದು. ಹುಡುಗಿ ಹನ್ನೆರಡು ಪದಗಳಲ್ಲಿ ಹತ್ತನ್ನು ನಿಲ್ಲದೆ ಓದುತ್ತಾಳೆ. ಹನ್ನೊಂದನೆಯದಕ್ಕೆ ನಿಲ್ಲುತ್ತಾಳೆ. “ನೋಡ್ಕಂಡು ಓದು ಮಗ” ಎಂದು ಅಪ್ಪ ತಾವೇ ಓದಿ ತೋರಿಸುತ್ತಾರೆ, ತಪ್ಪಾಗಿ. “ಹಂಗಲ್ಲ ಕಣಪ್ಪ” ಎಂದು ಅವಳು ಸರಿಯಾಗಿ ಓದುತ್ತಾಳೆ. ಹನ್ನೆರಡನೆಯದನ್ನು ಇಬ್ಬರೂ ಬಿಟ್ಟಿದ್ದಾರೆ.

ಹನ್ನೆರಡಕ್ಕೆ ಹನ್ನೊಂದು ಎಂದು ಬರೆದು, ಮಗಳಿಗೆ ಹಾಜರಿ ಹಾಕಿದೆ.