ಕಿಟಕಿ ಕಾಯುವ ಅನ್ಸೆಲ್ಮೊ

ಸಾನ್‌ಲೂಕರ್ ಊರಿನ ಕೆಳಪೇಟೆಯ ಹಳೆಯ ವೈನ್ ಮಳಿಗೆಯಲ್ಲಿ ಅನ್ಸೆಲ್ಮೊ ಮಾಡುವ ಕೆಲಸ ಕೇಳಿದರೆ ಸುಲಭ ಎನಿಸುತ್ತದೆ. ಕಿಟಕಿ ತೆರೆಯುವುದು, ಮುಚ್ಚುವುದು, ಹಳದಿ ಮಣ್ಣಿನ ನೆಲಕ್ಕೆ ನೀರು ಚಿಮುಕಿಸುವುದು. ಮೂವತ್ತೊಂದು ವರ್ಷದಿಂದ ಇಷ್ಟೇ.

ಆದರೆ ಅಲ್ಲಿನ ಬಿಳಿ ವೈನು, ಮನ್ಸಾನಿಯ, ಪೀಪಾಯಿಯೊಳಗೆ ಒಂದು ಕೆನೆಯ ಕೆಳಗೆ ಬದುಕುತ್ತದೆ. ಹುದುಗು ತಾನಾಗಿ ಕಟ್ಟುವ ಆ ಕೆನೆಯನ್ನು ಊರವರು ಹೂವು ಎನ್ನುತ್ತಾರೆ. ಸಮುದ್ರದ ಪಡುಗಾಳಿ ತಾಗಿದರೆ ಹೂವು ಮೈ ತುಂಬಿಕೊಳ್ಳುತ್ತದೆ. ಒಣ ಮೂಡುಗಾಳಿ ನುಗ್ಗಿದರೆ ಹರಿದು ಮುಳುಗುತ್ತದೆ.

ಎತ್ತರದ ಕಿಟಕಿಗಳ ಹುಲ್ಲುಚಾಪೆ ಏರಿಸಿ ಇಳಿಸುವ ಹಗ್ಗಗಳನ್ನು ಅನ್ಸೆಲ್ಮೊ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. "ನಿಮ್ ಕೈಗೆ ಕೊಡೋದಕ್ಕಿಂತ ಮೀನು ಕಾಯೋಕೆ ಬೆಕ್ಕು ಇಡೋದು ವಾಸಿ" ಎನ್ನುತ್ತಿದ್ದ.

ಕಳೆದ ಆಗಸ್ಟ್‌ನ ಒಂದು ಮುಂಜಾನೆ ಅವನ ಹೆಂಡತಿ ಕಾರಿದಾದ್ ಅಡುಗೆಮನೆಯಲ್ಲಿ ಕುಸಿದಳು. ಪಾರ್ಶ್ವವಾಯು ಹೊಡೆದು ಮೈಯ ಎಡಭಾಗ ಬಿದ್ದುಹೋಗಿತ್ತು. ಅನ್ಸೆಲ್ಮೊ ಅವಳ ಜತೆ ಆಂಬುಲೆನ್ಸ್ ಹತ್ತಿ ಆಸ್ಪತ್ರೆಗೆ ಹೋದ. ರಾತ್ರಿಯ ತಂಪಿಗೆಂದು ತೆರೆದಿಟ್ಟ ಮಳಿಗೆಯ ಮೂಡಣ ಕಿಟಕಿಗಳು ಹಾಗೇ ಉಳಿದವು. ಅಂದು ಮಧ್ಯಾಹ್ನ ಎದ್ದ ಮೂಡುಗಾಳಿ ಮೂರು ದಿನ ಬೀಸಿತು. ಮಳಿಗೆಯ ಮೇಲ್ವಿಚಾರಕಿ ನಿವೆಸ್ ಕೊಯ್ಲಿನ ತಯಾರಿಗೆ ದ್ರಾಕ್ಷಿ ತೋಟದಲ್ಲಿದ್ದಳು.

ನಾಲ್ಕನೆಯ ದಿನ ಬಟ್ಟೆ ಒಯ್ಯಲು ಊರಿಗೆ ಬಂದವನು ಬೀದಿಯಿಂದಲೇ ಕಿಟಕಿ ನೋಡಿದ.

"ಯಾಕ್ರೋ ಮುಚ್ಲಿಲ್ಲ?"

ಪೀಪಾಯಿ ಉರುಳಿಸುವ ಕುರ್ರೊ ತಲೆ ಕೆರೆದುಕೊಂಡ. "ನೀವು ತೆರೆದಿಟ್ಟು ಹೋಗಿದ್ರಿ ಮಾಮ. ನೀವು ತೆರೆದಿಟ್ಟಿದ್ದೀರಿ ಅಂದ್ರೆ ಏನೋ ಕಾರಣ ಇರುತ್ತೆ ಅಂದ್ಕೊಂಡ್ವಿ."

ಅನ್ಸೆಲ್ಮೊ ಒಳಗೆ ಹೋಗಿ ಚಾಪೆಗಳನ್ನು ಇಳಿಸಿದ.

ನಿವೆಸ್ ತೋಟದಿಂದ ಬಂದು ದೀಪ ಹಿಡಿದು ಮೂಡಣ ಗೋಡೆಯ ಸಾಲನ್ನು ಪರೀಕ್ಷಿಸಿದಳು. ನಾಲ್ಕು ಪೀಪಾಯಿಗಳಲ್ಲಿ ಹೂವು ಸತ್ತಿತ್ತು. ಅವನ್ನು ಬ್ರಾಂದಿ ಭಟ್ಟಿಗೆ ಕಳಿಸಿಬಿಡಿ ಎಂದು ಮಾಲೀಕರು ಫೋನಿನಲ್ಲಿ ಹೇಳಿದರು.

"ತಪ್ಪು ನಂದು. ಬೇಕಾದ್ರೆ ನನ್ನನ್ನ ಕೆಲಸದಿಂದ ಕಳ್ಸು" ಎಂದ ಅನ್ಸೆಲ್ಮೊ. "ಅಕ್ಟೋಬರ್ ತಂಪು ಬರೋವರೆಗೆ ಇವನ್ನ ಬಿಡು, ಮಗಳೇ. ಮತ್ತೆ ಹೂ ಕಟ್ಟಬಹುದು."

"ಮಾಲೀಕರಿಗೆ ನಾನು ಹೇಳ್ತೀನಿ. ಆದ್ರೆ ನೀವು ಇಲ್ಲಿ ಕೂರೋ ಹಾಗಿಲ್ಲ. ಕಾರಿದಾದ್ ಅತ್ತೆಗೆ ತಿನ್ಸೋರು ಯಾರು?"

"ಕಿಟಕಿ?"

"ನನಗೂ ಎರಡು ಕೈ ಇದೆ, ಮಾಮ."

"ಕೈ ಇದೆ. ಗಾಳಿ ಗೊತ್ತಾಗೋ ಚರ್ಮ ಇಲ್ಲ."

"ಹಾಗಾದ್ರೆ ಹೇಳ್ಕೊಡಿ. ಮೂವತ್ತು ವರ್ಷ ಬಾಯಿ ಮುಚ್ಕೊಂಡಿದ್ದು ಸಾಕು."

ಅವನು ಹೇಳಿಕೊಟ್ಟ. ಮೂಡುಗಾಳಿಗೆ ಮುಂಚೆ ತೋಳಿನ ಕೂದಲು ಹೇಗೆ ಚುರುಗುಟ್ಟುತ್ತದೆ, ನದಿಯ ಆಚೆ ದಡ ಹೇಗೆ ಕೈಗೆಟಕುವಷ್ಟು ಹತ್ತಿರ ಕಾಣುತ್ತದೆ, ಯಾವ ಹಗ್ಗವನ್ನು ಮೊದಲು ಬಿಡಬೇಕು. ಅದನ್ನೆಲ್ಲ ಬಾಯಿ ಬಿಟ್ಟು ಹೇಳಿದ್ದು ಅದೇ ಮೊದಲು. ಹೂವು ಚೆನ್ನಾಗಿದ್ದ ಪೀಪಾಯಿಗಳಿಂದ ಒಂದೊಂದು ಚೂರನ್ನು ಉದ್ದ ಹಿಡಿಯ ಬಟ್ಟಲಲ್ಲಿ ಎತ್ತಿ, ಸತ್ತ ನಾಲ್ಕರ ಮೇಲೆ ತೇಲಿಬಿಟ್ಟರು.

ಸೆಪ್ಟೆಂಬರ್‌ನಲ್ಲಿ ಕಾರಿದಾದ್ ಮನೆಗೆ ಬಂದಳು. ಮಾತು ತೊದಲುತ್ತಿತ್ತು, ಕೊಂಕು ಮಾತ್ರ ಹೋಗಿರಲಿಲ್ಲ. ಅನ್ಸೆಲ್ಮೊ ಎಣ್ಣೆ, ವಿನಿಗರ್ ಹಾಕಿದ ಆಲೂಗಡ್ಡೆಯನ್ನು ಕಿವುಚಿ ತಿನ್ನಿಸುವಾಗ ಅವನ ಕಣ್ಣು ಬಾಗಿಲ ಕಡೆ ಹೋಗುತ್ತಿತ್ತು.

"ಹೋಗಿ, ಹೋಗಿ. ನಾಲ್ಕು ಸವತಿಯರು ಕಾಯ್ತಿದ್ದಾರೆ."

"ಅವ್ರನ್ನ ನಿವೆಸ್ ನೋಡ್ಕೋತಾಳೆ. ನೀನು ಬಾಯಿ ತೆಗಿ."

"ನಿಜವಾಗ್ಲೂ ಅವಳ ಕೈಗೆ ಹಗ್ಗ ಕೊಟ್ರಾ?"

"ಕೊಟ್ಟೆ."

ಕಾರಿದಾದ್ ಬಲಗೈ ಚಾಚಿ, ಅವನ ಗಲ್ಲಕ್ಕೆ ಮೆತ್ತಿದ್ದ ಆಲೂಗಡ್ಡೆ ಒರೆಸಿದಳು.

ಅಕ್ಟೋಬರ್ ಕೊನೆಗೆ ನಿವೆಸ್ ಅವನನ್ನು ಕರೆಸಿ ದೀಪ ಹಿಡಿದಳು. ಮೂರು ಪೀಪಾಯಿಗಳಲ್ಲಿ ತೆಳ್ಳಗೆ, ಬೆಳ್ಳಗೆ ಹೂವು ಕಟ್ಟಿತ್ತು. ನಾಲ್ಕನೆಯದು ಬರಿದು.

"ಇದರ ವೈನು ಸೊರಗಿದೆ, ಮಾಮ. ಹೂವಿಲ್ಲದೆ ಹಾಗೇ ಹಳತಾಗೋಕೆ ಬಿಡೋಣ ಅಂದ್ರೆ ಅದಕ್ಕೆ ಕಸುವೇ ಇಲ್ಲ."

ಅನ್ಸೆಲ್ಮೊ ಒಂದು ಗುಟುಕು ಕುಡಿದು ನೋಡಿದ. ಸೀಮೆಸುಣ್ಣ ಕೇಳಿ ಪಡೆದು, ಪೀಪಾಯಿಯ ಮುಖದ ಮೇಲೆ ಭಟ್ಟಿಯ ಗುರುತನ್ನು ತಾನೇ ಹಾಕಿದ. ಉಳಿದ ಮೂರನ್ನು ಒಂದೊಂದಾಗಿ ಕೈಯಿಂದ ತಟ್ಟಿದ. ಹೆಂಡತಿಯನ್ನು ನದಿ ದಂಡೆಯವರೆಗೆ ನಡೆಸುವ ಹೊತ್ತಾಗಿತ್ತು. ಕಿಟಕಿಗಳು ತೆರೆದೇ ಇದ್ದವು. ಅವನ್ನು ನಿವೆಸ್‌ಗೆ ಬಿಟ್ಟು, ಅವನು ಟೋಪಿ ಹಾಕಿಕೊಂಡು ಮನೆಗೆ ನಡೆದ.