ಮಜ್ಜಿಗೆ ಕುಡಿದ ಕಣ್ಣು

ಯಾವ ಬಂಡೆ ಕಂಡರೂ ಜವರಮ್ಮ ಮೊದಲು ಬಾಯಿ ತುಂಬ ನೀರು ತುಂಬಿಕೊಂಡು ಅದರ ಮೇಲೆ ಫೂ ಎಂದು ಉಗುಳುತ್ತಿದ್ದಳು. ಆಮೇಲೆ ಸೊಂಟದ ಮೇಲೆ ಕೈಯಿಟ್ಟು, ತಲೆ ಓರೆ ಮಾಡಿ, ಆ ಒದ್ದೆ ಎಷ್ಟು ಹೊತ್ತಿಗೆ ಆರುತ್ತದೆಂದು ನೋಡುತ್ತ ನಿಲ್ಲುವಳು. "ಇದು ಕುಡಿಯೋ ಕಲ್ಲು ಕಣಮ್ಮೋರೆ" ಎನ್ನುವಳು. ಇಲ್ಲದಿದ್ದರೆ, "ಇದಕ್ಕೆ ಬಲೇ ಜಂಬ. ಒಂದು ತೊಟ್ಟೂ ಮುಟ್ಟಾಕಿಲ್ಲ." ಕಾನ್ವೆಂಟಿನಲ್ಲಿ ಕಲಿತ ನನಗೆ ಇದು ತೀರ ಅನ್‌ಹೈಜೀನಿಕ್ ಎನಿಸುತ್ತಿತ್ತು. ನಮ್ಮ ಅಂಗಳದ ಚಪ್ಪಡಿಗೂ ಅವಳು ಹಾಗೆ ಉಗುಳಿದ ದಿನ ನಾನು ಫಿನಾಯಿಲ್ ಸುರಿದು ತೊಳೆದಿದ್ದೆ. ಅವಳು ನಕ್ಕಳೇ ಹೊರತು ಬೇಜಾರು ಮಾಡಿಕೊಳ್ಳಲಿಲ್ಲ.

ಮರಳವಾಡಿ ಕಡೆಯ ಈ ಊರಿಗೆ ನಾನು ಸೊಸೆಯಾಗಿ ಬಂದಾಗ ಅವಳು ಜಲ್ಲಿ ಒಡೆಯುವ ಕೆಲಸದಲ್ಲಿದ್ದಳು. ಇಬ್ಬರಿಗೂ ಹೆಚ್ಚುಕಮ್ಮಿ ಒಂದೇ ವಯಸ್ಸು. ಸುತ್ತಿಗೆ ತಪ್ಪಿ ಬಿದ್ದು ಅವಳ ಎಡಗೈ ಹೆಬ್ಬೆರಳು ಚಪ್ಪಟೆಯಾಗಿತ್ತು. ಆಮೇಲೆ ನಾಲ್ಕು ಮೇಕೆ ಕಟ್ಟಿಕೊಂಡಳು, ನಮ್ಮ ಕೊಟ್ಟಿಗೆ ಕೆಲಸಕ್ಕೂ ಬಂದಳು. ಹಬ್ಬದ ದಿನ ನಮ್ಮ ಬಾಗಿಲಿಗೆ ರಂಗೋಲಿ ಹಾಕು ಎಂದರೆ ರಾಗಿಹಿಟ್ಟಿನಲ್ಲಿ ಒಂದು ಬಳ್ಳಿಯನ್ನು ಅರ್ಧಕ್ಕೆ ಎಳೆದು ಎದ್ದುಬಿಡುತ್ತಿದ್ದಳು. ನೀಡಲ್ ವರ್ಕ್ ಕ್ಲಾಸಿನಲ್ಲಿ ಒಂದು ಹೊಲಿಗೆ ಬಿಟ್ಟರೂ ಬೆರಳಿಗೆ ಸ್ಕೇಲಿನ ಏಟು ತಿಂದವಳು ನಾನು, "ಫಿನಿಶ್ ಮಾಡೇ" ಎಂದು ಗದರುತ್ತಿದ್ದೆ.

"ಒಸಿ ತಡ್ಕೊಳಿ. ನಾನು ಅರ್ಧ ಬುಟ್ಟಿವ್ನಿ. ಮಿಕ್ಕಿದ್ದ ಇರುವೆ ಬರೀತವೆ."

ನಿಜಕ್ಕೂ ಹತ್ತು ಗಂಟೆಯ ಹೊತ್ತಿಗೆ ಇರುವೆಗಳು ಹಿಟ್ಟು ಹೊತ್ತು ಸಾಲುಗಟ್ಟಿ ಹೊರಟು, ಬಳ್ಳಿಯ ತುದಿ ಮೆಟ್ಟಿಲಿಳಿದು, ಅಂಗಳ ದಾಟಿ, ತುಳಸಿಕಟ್ಟೆಯ ಬಿರುಕಿನವರೆಗೂ ಹರಿದಿರುತ್ತಿತ್ತು. ಹರಿದಿರುವುದಷ್ಟೇ ಅಲ್ಲ, ಅಲುಗಾಡುತ್ತಿತ್ತು!

ಊರ ಹಿಂದಿನ ಗುಡ್ಡದ ನೆತ್ತಿಯಲ್ಲಿ ಒಂದು ದೊಣೆಯಿತ್ತು. ಬಂಡೆಯಲ್ಲಿ ತಾನಾಗಿ ಆದ ಹೊಂಡ; ಮಳೆನೀರು ಬೇಸಿಗೆವರೆಗೂ ನಿಲ್ಲುತ್ತಿತ್ತು. ಬಿಟ್ಟ ಕಣ್ಣಿನ ಹಾಗಿದ್ದುದರಿಂದ ಎಲ್ಲರೂ ಕಣ್ಣುದೊಣೆ ಎನ್ನುತ್ತಿದ್ದರು. ಜವರಮ್ಮ ಹುಡುಗಿಯಾಗಿದ್ದಾಗ ಈಜು ಕಲಿತದ್ದು ಅಲ್ಲಿ. ಅವಳ ಮೇಕೆಗಳು ನೀರು ಕುಡಿಯುತ್ತಿದ್ದುದೂ ಅಲ್ಲೇ. "ಗುಡ್ಡ ನಮ್ಮ ನೋಡ್ತಾ ಕೂತೈತೆ" ಎನ್ನುತ್ತಿದ್ದಳು.

ಕ್ವಾರಿ ಚನ್ನಪ್ಪ ಗುಡ್ಡವನ್ನು ಲೀಸಿಗೆ ಹಿಡಿದ. ಒಂದು ಮಧ್ಯಾಹ್ನ ಸಿಡಿಮದ್ದು ಇಟ್ಟು ಗುಡ್ಡದ ಅರ್ಧ ಮುಖವನ್ನೂ, ಅದರ ಜೊತೆ ದೊಣೆಯನ್ನೂ ಹಾರಿಸಿದ. ಜವರಮ್ಮ ಮೇಕೆಗಳನ್ನು ಹೊಡೆದುಕೊಂಡೇ ಅವನ ಶೆಡ್ಡಿನ ಮುಂದೆ ಹೋಗಿ ನಿಂತಳು. "ನನ್ ಮೇಕೆ ಎಲ್ಲಿ ನೀರು ಕುಡೀಬೇಕು ಸಾಮಿ?" ಎಂದು ಕೇಳಿದಳು. ಅವನು ಊಟ ಮುಗಿಸಿ ಬಾಯಿ ಮುಕ್ಕಳಿಸುತ್ತಿದ್ದ. ಕೈಯಲ್ಲಿದ್ದ ಪ್ಲಾಸ್ಟಿಕ್ ಬಾಟಲನ್ನು, ತಳದಲ್ಲಿ ಎರಡು ಗುಟುಕು ನೀರಿತ್ತಂತೆ, ಅವಳ ಕಾಲ ಬಳಿ ಎಸೆದ. "ತಗೊಳಮ್ಮಿ, ನಿನ್ ದೊಣೆ. ಮನೇಲಿ ಮಡೀಕೋ." ಸುತ್ತ ಇದ್ದವರೆಲ್ಲ ನಕ್ಕರು.

ಆ ಬಾಟಲನ್ನು ಅವಳು ನಿಜವಾಗಿಯೂ ಮನೆಗೆ ತಂದಿಟ್ಟುಕೊಂಡಳು.

ಮರುದಿನ ನಮ್ಮ ಅಡುಗೆಮನೆಯ ಬಾಗಿಲಲ್ಲಿ ಕೂತು ನನ್ನನ್ನೊಂದು ಪ್ರಶ್ನೆ ಕೇಳಿದಳು. "ಲಾರಿ ಹೋಗಾಕೆ ದಾರಿ ಯಾರು ಕೊಟ್ರು ಅಮ್ಮೋರೆ?" ದಾರಿ ಹೋದದ್ದು ನಮ್ಮ ರಾಗಿ ಹೊಲದ ಬದಿಯಲ್ಲೇ. ಕಾಗದಕ್ಕೆ ಸೈನ್ ಹಾಕಿದವರು ನಮ್ಮ ಯಜಮಾನರು. ಅವರು ಪೆನ್ ಎಲ್ಲಿ ಎಂದು ತಡಕಾಡಿದಾಗ ನನ್ನ ಹ್ಯಾಂಡ್‌ಬ್ಯಾಗಿನಿಂದ ತೆಗೆದುಕೊಟ್ಟವಳು ನಾನು. ಗುಡ್ಡ ಹೋಗುತ್ತದೆಂದು ನನಗೆ ತಿಳಿದಿತ್ತು. ಪಕ್ಕದ ರೂಮಿನಲ್ಲಿ ಅವರು ಪೇಪರ್ ಮಗುಚುವ ಸದ್ದು ಕೇಳುತ್ತಿತ್ತು.

"ಗೊತ್ತಿಲ್ಲ ಜವರಮ್ಮ" ಎಂದೆ.

ಅವಳು ತುಂಬ ಹೊತ್ತು ನನ್ನ ಮುಖ ನೋಡಿದಳು. ಆಮೇಲೆ, "ನಿಮ್ತಾವ ಮಿಕ್ಸಿ ಐತಲ್ವಾ?" ಎಂದಳು.

ಹೀಗೆ ನನ್ನ ಚಟ್ನಿ ಜಾರಿನಲ್ಲಿ ಪಾಚಿ ರುಬ್ಬುವ ಕೆಲಸ ಶುರುವಾಯಿತು. ಬಾವಿಯ ಒಳಗೋಡೆಯಿಂದ ಕೆರೆದು ತಂದ ಹಸಿರು ಪಾಚಿ, ಹುಳಿ ಮಜ್ಜಿಗೆ, ಒಂದು ಚೂರು ಸಗಣಿ. ಮೊದಲ ಸಲ ನಾನು ಅಭ್ಯಾಸಬಲದಿಂದ ಮಜ್ಜಿಗೆಗೆ ಉಪ್ಪು ಹಾಕಿಬಿಟ್ಟೆ. ಅವಳು ತಲೆ ಚಚ್ಚಿಕೊಂಡಳು. "ಅಯ್ಯೋ, ಊಟಕ್ಕೆ ಬಡುಸ್ತೀರಾ? ಉಪ್ಪು ಬಿದ್ರೆ ಪಾಚಿ ಸತ್ತೋಯ್ತದೆ!" ಅಷ್ಟನ್ನೂ ಚರಂಡಿಗೆ ಚೆಲ್ಲಿಸಿದಳು. "ಫರ್ಗಿವ್ ಆಂಡ್ ಫರ್ಗೆಟ್, ಗರ್ಲ್ಸ್" ಎನ್ನುತ್ತಿದ್ದ ನಮ್ಮ ಸಿಸ್ಟರ್ ನೆನಪಾದರು. ಸಾರಿ ಸಿಸ್ಟರ್, ಎಂದುಕೊಂಡು ಮಿಕ್ಸಿಯ ಸ್ವಿಚ್ ತಿರುಗಿಸಿದೆ. ಹೇಳಿದರೆ ನಾಚಿಕೆ, ಅಷ್ಟು ಖುಷಿಯಿಂದ ನಾನು ಯಾವ ಅಡುಗೆಯನ್ನೂ ಮಾಡಿರಲಿಲ್ಲ.

ಭಾನುವಾರ ಕ್ವಾರಿಗೆ ರಜ. ವಾಚ್‌ಮನ್ ಮಧ್ಯಾಹ್ನ ಬಾಡೂಟ ಮಾಡಿ ಗೊರಕೆ ಹೊಡೆಯುವ ಹೊತ್ತು ನೋಡಿ ಹೋಗುತ್ತಿದ್ದೆವು. ಕಡಿದು ನಿಂತ ಬಂಡೆಯ ಬಡಗಣ ಮುಖಕ್ಕೆ ಬಿಸಿಲು ಬೀಳುತ್ತಿರಲಿಲ್ಲ, ಮೇಲಿಂದ ನೀರು ಜಿನುಗುತ್ತಿತ್ತು. ಅದರ ನೇರ ಎದುರಿಗೆ ಚನ್ನಪ್ಪನ ಹೊಸ ಮಹಡಿ ಮನೆ, ಸ್ಟೀಲಿನ ಬಾಲ್ಕನಿ. ಜವರಮ್ಮ ಉಗುಳಿ ನೋಡಿದಳು. ತೃಪ್ತಿಯಾಯಿತು. ಏಣಿ ಹತ್ತಿ ಉಳಿಯಿಂದ ಕಲ್ಲನ್ನು ತರಿತರಿ ಮಾಡಿ, ರುಬ್ಬಿದ ಪಾಚಿಯನ್ನು ಚನ್ನಪ್ಪ ಎಸೆದ ಅದೇ ಬಾಟಲಿನಿಂದ ಸುರಿದುಕೊಂಡು, ಈಚಲ ಪೊರಕೆಯಲ್ಲಿ ಬಳಿದಳು. ನಾನು, ಅರವತ್ತು ದಾಟಿದ ಮುದುಕಿ, ಕಾಟನ್ ಸೀರೆ ಎತ್ತಿಕಟ್ಟಿ ಏಣಿ ಹಿಡಿದುಕೊಂಡಿದ್ದೆ. ನಾಲ್ಕು ಭಾನುವಾರ ಬೇಕಾಯಿತು. ಒಣಗಿದ ಮೇಲೆ ನೋಡಿದರೆ ಏನೂ ಇಲ್ಲ, ಹಕ್ಕಿ ಹಿಕ್ಕೆಯಂಥ ಕಲೆ.

"ಇಷ್ಟೇನಾ?" ಎಂದೆ.

"ಮಿಕ್ಕಿದ್ದ ಮಳೆ ಬರೀತದೆ."

ಮಳೆ ಬರೆಯಿತು. ಮೂರನೆಯ ವಾರಕ್ಕೆ ಬಂಡೆಯ ಮೇಲೆ ಎರಡಾಳೆತ್ತರದ ಒಂದು ಹಸಿರು ಕಣ್ಣು ಬಿಟ್ಟುಕೊಂಡಿತು, ನೆಟ್ಟಗೆ ಬಾಲ್ಕನಿಯನ್ನೇ ನೋಡುತ್ತ. ಕಾಫಿ ಲೋಟ ಹಿಡಿದು ಹೊರಗೆ ಬಂದ ಚನ್ನಪ್ಪ ಹಾಗೇ ಒಳಗೆ ಹೋದನಂತೆ. ತಂತಿ ಬ್ರಷ್ಷಿನಿಂದ ಉಜ್ಜಿಸಿದ. ಕಲ್ಲು ಇನ್ನಷ್ಟು ತರಿಯಾಗಿ ಪಾಚಿ ದಟ್ಟವಾಗಿ ಕಚ್ಚಿಕೊಂಡಿತು. ದೃಷ್ಟಿಗೆಂದು ಮನೆ ತುಂಬ ಬೂದುಗುಂಬಳ ಕಟ್ಟಿಸಿದ. ಕೊನೆಗೆ ಕನಕಪುರದಿಂದ ಶಾಸ್ತ್ರ ಹೇಳುವವರನ್ನು ಕರೆಸಿದ. ಗುಡ್ಡ ಮುನಿದಿದೆ, ಪಂಚಾಮೃತ ಅಭಿಷೇಕ ಮಾಡಿಸು, ಎಂದರು ಅವರು.

ಆ ದಿನ ಊರೆಲ್ಲ ಸೇರಿತ್ತು. ಬಂಡೆಯ ತಲೆಯಿಂದ ಕೊಡಗಟ್ಟಲೆ ಹಾಲು, ಮೊಸರು, ಕಿವುಚಿದ ಬಾಳೆಹಣ್ಣು ಇಳಿದುಬಂತು. ಜವರಮ್ಮ ಎಲ್ಲರಿಗಿಂತ ಮುಂದೆ ಕೈಮುಗಿದು ನಿಂತಿದ್ದಳು, ಮಹಾ ಭಕ್ತೆಯ ಹಾಗೆ. ನನ್ನ ಕಿವಿಯಲ್ಲಿ, "ಸುರೀಲಿ ಸುರೀಲಿ. ನಾವು ಬಾಟ್ಲಲ್ಲಿ ಕೊಟ್ವಿ. ಬಡ್ಡೈದ ಕೊಡದಲ್ಲಿ ಕುಡಿಸ್ತಾವ್ನೆ!" ಎಂದಳು. ನನಗೆ ನಗು ತಡೆಯದೆ ಸೆರಗು ಬಾಯಿಗೆ ತುರುಕಿಕೊಂಡೆ. ತಿಂಗಳೊಳಗೆ ಕಣ್ಣಿಗೆ ಫರ್ನ್ ಗಿಡಗಳ ರೆಪ್ಪೆಗೂದಲು ಬಂತು.

ಆದರೆ ಚನ್ನಪ್ಪನನ್ನು ಮುಗಿಸಿದ್ದು ಅದಲ್ಲ. ಉಳಿದರ್ಧ ಗುಡ್ಡ ಕಡಿಯಲು ಆ ಮುಖದಿಂದಲೇ ಶುರು ಮಾಡಬೇಕಿತ್ತು. ಧರ್ಮಪುರಿ ಕಡೆಯಿಂದ ಬಂದಿದ್ದ ಡ್ರಿಲ್ಲಿಂಗ್ ಮೇಸ್ತ್ರಿ ಚಪ್ಪಲಿ ಬಿಟ್ಟು ದೂರ ನಿಂತುಬಿಟ್ಟ. "ವೇಂಡಾ ಸಾರ್. ನೀವೇ ಅಭಿಷೇಕಂ ಮಾಡಿ ಸಾಮಿ ಮಾಡಿದ್ದೀರಿ. ಸಾಮಿ ಕಣ್ಣಿಗೆ ನಾನು ಡ್ರಿಲ್ ಇಡಲ್ಲ." ಬೇರೆ ಗುಂಪು ತಂದ. ಬಂಡೆಗೆ ಹಚ್ಚಿದ್ದ ಕುಂಕುಮ ನೋಡಿ ಅವರೂ ಹಿಂದೆ ಸರಿದರು. ಎರಡು ವರ್ಷ ಒದ್ದಾಡಿ ಮೆಷೀನುಗಳನ್ನು ಸಾಗಿಸಿದ. ಬಾಲ್ಕನಿಗೆ ಇಟ್ಟಿಗೆ ಗೋಡೆ ಎಬ್ಬಿಸಿದ. ಆ ಗೋಡೆ ಏಳುತ್ತಿದ್ದಾಗ ಜವರಮ್ಮ ಮೇಕೆಗಳನ್ನು ಅವನ ಮನೆ ಮುಂದೆಯೇ ಮೇಯಿಸಿದಳು. ಕೊನೆಯ ಇಟ್ಟಿಗೆ ಕೂರುವವರೆಗೂ ಕದಲಲಿಲ್ಲ.

ಬೆಂಗಳೂರಿನ ಆರ್ಟ್ ಕಾಲೇಜಿನ ಹುಡುಗಿಯೊಬ್ಬಳು ಹೇಗೋ ತಿಳಿದು ಬಂದಳು. ಇದು ಲಿವಿಂಗ್ ಆರ್ಟ್, ಪ್ರಕೃತಿಯೇ ಇಲ್ಲಿ ಆರ್ಟಿಸ್ಟ್, ಎಂದೆಲ್ಲ ಹೇಳಿ ಫೋಟೊ ತೆಗೆದಳು. ನಾನು ಅರ್ಥ ಹೇಳಿದೆ. ಜವರಮ್ಮ ಎಲೆಯಡಿಕೆ ಉಗಿದು, "ಆರ್ಟೂ ಇಲ್ಲ ಗೀರ್ಟೂ ಇಲ್ಲ ಕಣವ್ವಾ. ಸೇಡು. ಬರ್ಕೋ" ಎಂದಳು.

ಯಜಮಾನರು ತೀರಿಕೊಂಡ ಮರುವರ್ಷ ಅವಳಿಗೂ ಎದೆ ಕೆಟ್ಟಿತು. ಜಲ್ಲಿಯ ಧೂಳು, ಎಂದರು ಡಾಕ್ಟರು. ಕಡೆಯ ಸಲ ಬಂದದ್ದು ಬೇಸಿಗೆಯಲ್ಲಿ. ಕೈಯಲ್ಲಿ ಅದೇ ಬಾಟಲು. ಹಿತ್ತಿಲ ಕಾಂಪೌಂಡಿನ ನೆರಳಿನಲ್ಲಿ ಕೂತು ಏದುಸಿರು ಬಿಟ್ಟಳು. ಒಳಗೆ ಮಲಗು ಬಾ ಎಂದರೆ, "ನೀವೋಗಿ ಮಲೀಕೊಳಿ, ನಾನಿಲ್ಲೇ ಒಸಿ ಹೊತ್ತು ಇರ್ತೀನಿ" ಎಂದಳು. ನಾನು ಎದ್ದು ಬರುವಷ್ಟರಲ್ಲಿ ಅವಳು ಹೊರಟಿದ್ದಳು. ಗೇಟಿನ ಹತ್ತಿರ ತಿರುಗಿ, "ನಿಮ್ ಗೋಡೇದು ಕುಡಿಯೋ ಕಲ್ಲು ಅಮ್ಮೋರೆ" ಎಂದಳು. ಮಳೆಗೆ ಮುಂಚೆಯೇ ತೀರಿಹೋದಳು.

ಈ ವರ್ಷ ಮಳೆ ಹಿಡಿದು ಇಪ್ಪತ್ತು ದಿನಕ್ಕೆ, ಪಾತ್ರೆ ತೊಳೆಯುತ್ತ ಅಡುಗೆಮನೆ ಕಿಟಕಿಯಿಂದ ನೋಡಿದೆ. ಕಾಂಪೌಂಡಿನ ಒಳಮುಖದಲ್ಲಿ, ಅಂಗೈಯಗಲದ ಹಸಿರು ಕಣ್ಣು. ನೆಟ್ಟಗೆ ನನ್ನನ್ನೇ ನೋಡುತ್ತಿತ್ತು.

ನನ್ನ 'ಗೊತ್ತಿಲ್ಲ' ಸುಳ್ಳೆಂದು ಅವಳಿಗೆ ಮೊದಲ ದಿನವೇ ಗೊತ್ತಿತ್ತು. ಏಣಿ ಹಿಡಿಸಿದಳು, ನಗಿಸಿದಳು, ನನ್ನ ಮಿಕ್ಸಿ ಮುರಿಯುವಷ್ಟು ರುಬ್ಬಿಸಿದಳು. ಫರ್ಗಿವ್ ಮಾತ್ರ ಮಾಡಲಿಲ್ಲ.

ಸ್ವಲ್ಪ ಹೊತ್ತು ಉಪ್ಪಿನ ಡಬ್ಬಿಯ ಮುಂದೆ ನಿಂತಿದ್ದೆ. ಆಮೇಲೆ ಒಂದು ಲೋಟ ಮಜ್ಜಿಗೆ ಕಡೆದುಕೊಂಡು ಹಿತ್ತಿಲಿಗೆ ಹೋಗಿ ಆ ಕಣ್ಣಿನ ಮೇಲೆ ನಿಧಾನವಾಗಿ ಸುರಿದೆ.

ಉಪ್ಪು ಹಾಕಿರಲಿಲ್ಲ.