ಇಂಗಿನ ಡಬ್ಬಿ ಮತ್ತು ಅರ್ಧ ಲೋಟ ಹಾಲು

ಮುಂಡಾಜೆಯಿಂದ ಬೆಳಿಗ್ಗೆ ಏಳರ ಬಸ್ಸು ಹಿಡಿದೆವು, ನಾನು ಮತ್ತು ಮಗಳು ಧನ್ಯಾ. ಫೆಬ್ರವರಿ ತಿಂಗಳು, ಬೆಳಿಗ್ಗೆ ಚಳಿ, ಒಂಬತ್ತಕ್ಕೆಲ್ಲ ಬೆವರು. ಬೆಳ್ತಂಗಡಿಯಲ್ಲಿ ಬಸ್ಸು ಬದಲಿಸಿದೆವು. ಅಲ್ಲಿಂದ ವೇಣೂರಿನ ದಾರಿಯಾಗಿ ಮೂಡುಬಿದಿರೆಯ ಡಾಕ್ಟರಲ್ಲಿಗೆ ಮೂವತ್ತು ಚಿಲ್ಲರೆ ಕಿಲೋಮೀಟರು.

"ಮಗುವಿಗೆ ಟಿಕೆಟು ಬೇಡ ಅಕ್ಕ, ಆರು ಆಗಿರಲಿಕ್ಕಿಲ್ಲ" ಎಂದರು ಕಂಡಕ್ಟರು. ಎಂಟು ತುಂಬಿದೆ ಎಂದು ಹೇಳಿ ಅರ್ಧ ಟಿಕೆಟು ತೆಗೆದುಕೊಂಡೆ. ಅವಳಿಗೆ ಸೀಲಿಯಾಕ್ ಕಾಯಿಲೆ. ಗೋಧಿ ಹೊಟ್ಟೆಗೆ ಬಿದ್ದರೆ ಕರುಳು ಹಾಳಾಗುತ್ತದೆ, ಉಂಡದ್ದು ಮೈಗೆ ಹತ್ತುವುದಿಲ್ಲ. ಬುತ್ತಿಯ ಅಕ್ಕಿ ಪುಂಡಿ ಕಡುಬನ್ನು ಅರ್ಧ ತಿಂದು ಡಬ್ಬಿ ಮುಚ್ಚಿದಳು. ಹಸಿವು ಎಂಬ ಮಾತು ಅವಳ ಬಾಯಲ್ಲಿ ಕೇಳದೆ ಎರಡು ವರ್ಷವಾಗಿತ್ತು.

ಹೋದ ವರ್ಷವೂ ಇದೇ ದಾರಿ. ಚಪಾತಿ, ರವೆ, ಬಿಸ್ಕತ್ತು ಬಿಟ್ಟು ಆರು ತಿಂಗಳಾದರೂ ಹೊಟ್ಟೆ ಉಬ್ಬುವುದು ನಿಂತಿರಲಿಲ್ಲ. ಹಾಲು ಕುಡಿದರಂತೂ ನೋವು ಇನ್ನೂ ಜೋರು. ಡಾಕ್ಟರು ಅದನ್ನೂ ಬಿಡಿಸಿದ್ದರು. ವಾಪಸು ಬರುವಾಗ ಗುರುವಾಯನಕೆರೆಯ ಸಣ್ಣ ಹೋಟೆಲಿನಲ್ಲಿ ಅನ್ನ, ಸಾರು ಕೇಳಿ, ಮಗುವಿಗೆ ಗೋಧಿ ಆಗುವುದಿಲ್ಲ ಎಂದೆ. ಅಡುಗೆಯ ವಾಸಣ್ಣ ಇಂಗಿನ ಡಬ್ಬಿ ಹಿಡಿದುಕೊಂಡೇ ಹೊರಗೆ ಬಂದರು.

"ಅಕ್ಕ, ಸಾರಿಗೆ ಇಂಗು ಹಾಕಿದ್ದೇನೆ. ಇದರಲ್ಲಿ ಮೈದಾ ಉಂಟು ಅಂತ ಬರೆದಿದ್ದಾರೆ, ನೋಡಿ. ಮಗುವಿಗೆ ಬೇಡ."

ಹೊಟ್ಟೆಗೆ ಒಳ್ಳೆಯದೆಂದು ಮಗಳ ಸಾರಿಗೆ ಎರಡು ಹೊತ್ತೂ ಇಂಗು ಹಾಕಿದವಳು ನಾನೇ. ಹೊಟ್ಟೆ ಉಬ್ಬಿದ ದಿನ ಒಂದು ಚಿಟಿಕೆ ಜಾಸ್ತಿ! ನನ್ನಂಥ ಬುದ್ಧಿವಂತೆ ತಾಲೂಕಿನಲ್ಲೇ ಇನ್ನೊಬ್ಬಳಿರಲಿಕ್ಕಿಲ್ಲ. ಮನೆಗೆ ಹೋದವಳೇ ನಮ್ಮ ಇಂಗಿನ ಡಬ್ಬಿ ಓದಿದೆ, ಅದರಲ್ಲೂ ಮೈದಾ. ಎಸೆದೆ.

ಈ ಸಲ ಡಾಕ್ಟರು ರಕ್ತದ ರಿಪೋರ್ಟು ನೋಡಿ ನಕ್ಕರು. "ಕರುಳಿನ ಒಳಗೆ ಗರಿಕೆಯ ಹಾಗೆ ಸಣ್ಣ ಎಳೆಗಳು ಉಂಟು. ಗೋಧಿಯಿಂದ ಅವು ಸವೆದಿದ್ದವು. ಹಾಲು ಜೀರ್ಣ ಮಾಡುವ ಕಿಣ್ವ ಇರುವುದು ಆ ಎಳೆಗಳಲ್ಲೇ. ಈಗ ಚಿಗುರಿರಬೇಕು. ಇವತ್ತು ಅರ್ಧ ಲೋಟ ಹಾಲು ಕೊಟ್ಟು ನೋಡುವ. ಗೋಧಿ ಮಾತ್ರ ಜನ್ಮಕ್ಕೆ ಬೇಡ."

"ಹಾಲು ಆಗದಿದ್ದರೆ?"

"ಒಂದೆರಡು ಗಂಟೆಯಲ್ಲಿ ಹೊಟ್ಟೆಯೇ ಹೇಳ್ತದೆ. ಆಗ ಕ್ಯಾಮೆರಾ ಇಳಿಸಿ ಕರುಳನ್ನು ಇನ್ನೊಮ್ಮೆ ನೋಡ್ತೇನೆ."

ಆ ಹಾಲನ್ನು ಎಲ್ಲಿ ಕುಡಿಸಬೇಕೆಂದು ಯೋಚಿಸಬೇಕಾಗಲಿಲ್ಲ. ಗುರುವಾಯನಕೆರೆಯಲ್ಲಿ ಇಳಿದೆವು. ವಾಸಣ್ಣ ಗುರುತು ಹಿಡಿದು, ಲೋಟವನ್ನು ಎರಡು ಸಲ ತೊಳೆದು, ಬೇರೆ ಪಾತ್ರೆಯಲ್ಲಿ ಹಾಲು ಕಾಯಿಸಿ ತಂದರು. ಧನ್ಯಾ ಕಣ್ಣು ಮುಚ್ಚಿ ಕುಡಿದಳು. ನಿಮ್ಮಿಂದ ಮಗಳು ಉಳಿದಳು ಎಂದೆ.

"ಎಂತ ಅಕ್ಕ ನೀವು! ನಾನು ಡಬ್ಬಿ ಓದಿದ್ದು, ಅಷ್ಟೇ" ಎಂದು ಅವರು ಒಳಗೆ ಹೋದರು.

ಬೆಳ್ತಂಗಡಿಯಲ್ಲಿ ಬಸ್ಸಿಗಾಗಿ ಒಂದು ಗಂಟೆ ಕಾದೆವು. ನೋವು ಉಂಟಾ ಎಂದು ಅಲ್ಲಿ ನಾಲ್ಕು ಸಲ ಕೇಳಿದೆ, ಉಜಿರೆಯಲ್ಲಿ ಇನ್ನೊಮ್ಮೆ. ಕೇಳಿ ಕೇಳಿ ಅವಳಿಗೂ ಸಾಕಾಯಿತು. ಮುಂಡಾಜೆಯಲ್ಲಿ ಇಳಿಯುತ್ತಲೇ ನನ್ನ ಸೆರಗು ಜಗ್ಗಿದಳು. ನೋವು ಬಂತೆಂದೇ ತಿಳಿದೆ.

"ಅಮ್ಮ, ಹಸಿವಾಗ್ತಾ ಉಂಟು."

ನಿಂತಲ್ಲೇ ಬುತ್ತಿ ಬಿಚ್ಚಿದೆ.